ಹಿತ್ತಲಲ್ಲಿ ಕೂತ ಮನೆ ಅಳಿಯ

ಮಾರ್ಚ್ 3, ಸೋಮವಾರ

ಬೆಳಿಗ್ಗೆ ನೀರು ಹಾಕುವಾಗ ಮೆಟ್ಟಿಲ ಮೇಲಿನ ಕುಂಡ ಉರುಳಿತು. ಅದು ಕೆಳಗಿನದನ್ನು ಕರೆದುಕೊಂಡು, ಅದು ಇನ್ನೊಂದನ್ನು… ಮೂರು ಹೋಯ್ತು. ಮೆಟ್ಟಿಲ ಮೇಲೆ ಜಾಗ ಇಲ್ಲ, ಟೆರೇಸ್ ಮೇಲೆ ಇಲ್ಲ, ಬಾತ್‌ರೂಮ್ ಕಿಟಕಿಯಲ್ಲೂ ಇಲ್ಲ. ಎಲ್ಲಿ ನೋಡಿದರೂ ನನ್ನ ಸಸಿ. ಇವರು ಸೋಫಾದಲ್ಲಿ. ಟಿವಿಯಲ್ಲಿ ನಾಲ್ಕು ಜನ ಕೂತು ಕಿರುಚಾಡ್ತಿದ್ರು. "ಏನೇ ಬಿತ್ತು?" ಅಂದ್ರು. ಏಳಲಿಲ್ಲ. ರಿಟೈರ್ ಆದಾಗಿನಿಂದ ಈ ಮನುಷ್ಯ ಸೋಫಾದಲ್ಲಿ ಬೇರು ಬಿಟ್ಟಿದಾರೆ. ನನ್ನ ಸಸಿಗಳೂ ಅಷ್ಟು ಚೆನ್ನಾಗಿ ಬಿಡಲ್ಲ.

ಆಮೇಲೆ ಫೋನು. ಹೊಸ ಆಸ್ಪತ್ರೆ ಕಾಂಪೌಂಡಿಗೆ ಆರುನೂರು ಸಸಿ ಬೇಕಂತೆ, ಜೂನ್‌ಗೆ. ಆರುನೂರು! ಮನೆಯಲ್ಲಿ ಕೂತು ಸಸಿ ಮಾರೋಳಿಗೆ ಇಂಥ ಆರ್ಡರ್ ಯಾವತ್ತು ಬಂದಿತ್ತು? ತಿಂಗಳ ಕೊನೆಯೊಳಗೆ ಆಗುತ್ತೋ ಇಲ್ವೋ ಹೇಳಿ ಅಂದ್ರು. ಹಿತ್ತಲು ಖಾಲಿ ಆದ್ರೆ ಆಗತ್ತೆ.

ಹಿತ್ತಲಲ್ಲಿ ಮನೆ ಅಳಿಯ ಕೂತಿದಾನಲ್ಲ.

ಮನೆ ಅಳಿಯ ಅಂದ್ರೆ ಚೈನ್ ಟ್ರ್ಯಾಕ್ಟರ್. ಚಕ್ರದ ಬದಲು ಎರಡೂ ಕಡೆ ಕಬ್ಬಿಣದ ಪಟ್ಟಿಗಳ ಚೈನು. ಈ ಮನೆ ಕೊಂಡಾಗಲೇ ಇತ್ತು. ಮಾರಿದವರು "ಅದನ್ನೂ ನೀವೇ ಇಟ್ಕೊಳ್ಳಿ" ಅಂತ ದೊಡ್ಡ ದಾನಶೂರರ ಹಾಗೆ ಹೇಳಿ ಜಾಗ ಖಾಲಿ ಮಾಡಿದರು. ಅವತ್ತಿಂದ ಕೂತಲ್ಲೇ ಕೂತಿದೆ, ಬಿಸಿಲು ಬೀಳೋ ಜಾಗವೆಲ್ಲ ಹಿಡ್ಕೊಂಡು. ಕೆಲಸ ಇಲ್ಲ, ಕಾರ್ಯ ಇಲ್ಲ. ಮೇಲೆ ಬಳ್ಳಿ, ಸೀಟಿನ ಕೆಳಗೆ ಬೆಕ್ಕಿನ ಬಾಣಂತನ. "ರಿಟೈರ್ ಆದ ಮೇಲೆ ಅದನ್ನ ತೆಗೆಸ್ತೀನಿ, ಹಿತ್ತಲು ನಿಂದೇ" ಅಂತ ಇವರೇ ಹೇಳಿದ್ದು. ನಂಗೆ ಚೆನ್ನಾಗಿ ನೆನಪಿದೆ. ಇವರಿಗೆ ಬೇಕಾದಾಗ ಮರೆವು.

ಮಾರ್ಚ್ 5, ಬುಧವಾರ

ಗುಜರಿಯವನನ್ನು ಕರೆಸಿದೆ. ಯಾರನ್ನೂ ಕೇಳಲಿಲ್ಲ.

ಸುತ್ತ ನಡೆದ, ಬಾನೆಟ್ ತಟ್ಟಿದ. "ಒಳ್ಳೇ ಕಬ್ಬಿಣ ಅಕ್ಕ. ಗ್ಯಾಸ್ ಕಟರ್ ತರ್ತೀನಿ, ಮಧ್ಯಾಹ್ನದೊಳಗೆ ತುಂಡು ತುಂಡು." ತುಂಡು ಅಂದಿದ್ದೇ ತಡ, ಒಳಗೆ ಸೋಫಾ ಕಿರ್ ಅಂತು. ಇವರು ಬರಿಗಾಲಲ್ಲಿ ಹಿತ್ತಲಿಗೆ ಬಂದು ಬಾನೆಟ್ ಮೇಲೆ ಕೈ ಇಟ್ಟು ನಿಂತರು.

"ತುಂಡು ಮಾಡ್ತೀಯೇನಯ್ಯಾ? ಇಂಥ ಗಾಡಿ ಮೇಲೆ ಕೆಲಸ ಕಲಿತು ಬುಲ್ಡೋಜರ್ ಮೆಕ್ಯಾನಿಕ್ ಆದೋನು ನಾನು."

"ಹಾಗಾದ್ರೆ ಇಷ್ಟು ವರ್ಷ ಯಾಕೆ ಮುಟ್ಟಲಿಲ್ಲ?" ಅಂದೆ.

"ದಿನವಿಡೀ ಅದೇ ಕೆಲಸ ಮಾಡಿ ಬಂದೋನು ಮನೇಲೂ ಅದನ್ನೇ ಮಾಡ್ಲಾ? ಈಗ ಟೈಮ್ ಇದೆ. ಒಂದೇ ಒಂದು ಅವಕಾಶ ಕೊಡೇ."

ಗುಜರಿಯವನು ನಮ್ಮಿಬ್ಬರ ಮುಖ ನೋಡ್ತಾ ನಿಂತಿದ್ದ. ಮಜಾ ಬಂದಿರಬೇಕು. ಕೊನೆಗೆ ಅವನ ಎದುರೇ ಒಪ್ಪಂದ ಆಯ್ತು. 23ಕ್ಕೆ, ಭಾನುವಾರ, ಅವನ ಲಾರಿ ಬರುತ್ತೆ. ಅಷ್ಟರಲ್ಲಿ ಆ ಜಾಮ್ ಆದ ಎಂಜಿನ್ ಕೈಯಲ್ಲಿ ಒಂದು ಸುತ್ತು ತಿರುಗಿದರೆ ಗಾಡಿ ಉಳೀತು, ರಿಪೇರಿ ಮಾಡ್ಕೊಳ್ಳಲಿ. ತಿರುಗದಿದ್ದರೆ ಲಾರಿ ಹತ್ತಿತು, ಹಿತ್ತಲು ನಂದು. ಮಾತಿಗೆ ತಪ್ಪೋ ಹಾಗಿಲ್ಲ ಅಂತ ಇವರ ಕೈಯಿಂದ ಕೈಗೆ ಹೊಡೆಸಿಕೊಂಡೆ.

ತುಕ್ಕು ಹಿಡಿದ ಕಬ್ಬಿಣ ತಿರುಗತ್ತಂತೆ. ಆರುನೂರು ಸಸಿಗೆ ಮನಸ್ಸಲ್ಲೇ ಸಾಲು ಹಾಕಿದೆ.

ಮಾರ್ಚ್ 10, ಸೋಮವಾರ

ಟವೆಲ್ಲೆಲ್ಲ ಗ್ರೀಸು. ಬಾಗಿಲ ಚಿಲಕ ಗ್ರೀಸು. ನನ್ನ ಕನ್ನಡಕಕ್ಕೂ ಹೇಗೋ ಗ್ರೀಸು.

ಇವರು ಒಂದು ಔಷಧಿ ಕಂಡುಹಿಡಿದಿದಾರೆ. ಡೀಸೆಲ್, ಬ್ರೇಕ್ ಆಯಿಲ್, ಇನ್ನೊಂದೇನೋ — ಅದು ಗುಟ್ಟಂತೆ. ಸಿಲಿಂಡರ್‌ಗಳೊಳಗೆ ಸುರಿದು ನೆನೆಯೋಕೆ ಬಿಡೋದು. ಬೆಳಿಗ್ಗೆ ಕಾಫಿ ಆದ ಕೂಡಲೇ ಎಂಜಿನ್‌ಗೆ ಸರಳು ಸಿಕ್ಕಿಸಿ, ಅದಕ್ಕೊಂದು ಉದ್ದದ ಪೈಪು ತೊಡಿಸಿ, ಇಬ್ಬರೂ ಸೇರಿ ಎಳೆಯೋದು. ಹೌದು, ನಾನೂ. ಎದುರು ಪಕ್ಷದವಳು ನಾನು, ಸುಮ್ಮನೆ ಕೈ ಕಟ್ಕೊಂಡು ನಿಲ್ಲಬೇಕು ತಾನೇ? ಆದ್ರೆ ಇವರು ಒಬ್ಬರೇ ಮುಖ ಕೆಂಪಗೆ ಮಾಡ್ಕೊಂಡು ಎಳೆಯೋದು ನೋಡಕ್ಕಾಗಲ್ಲ.

ಅಲ್ಲಾಡ್ಲಿಲ್ಲ. ಕೂದಲೆಳೆಯಷ್ಟೂ ಇಲ್ಲ.

ನಾದಿನಿ ಬಂದ್ಲು. ಪಕ್ಕದ ಮನೆಯೇ ಅವಳದು, ಸ್ಕೂಲಲ್ಲಿ ಪಿಟಿ ಟೀಚರ್, ತೋಳು ನೋಡಿದ್ರೆ ಭಯ ಆಗತ್ತೆ. ಅವಳೂ ಎಳೆದಳು. ಆಮೇಲೆ ಸೊಂಟ ಹಿಡ್ಕೊಂಡು, "ಅತ್ತಿಗೆ, ನಮ್ಮಣ್ಣನ್ನ ಸೋಫಾದಿಂದ ಎಬ್ಬಿಸೋದು ಇದಕ್ಕಿಂತ ಸುಲಭ ಇತ್ತು" ಅಂದ್ಲು. ಮೂರೂ ಜನ ನಕ್ಕಿದ್ದೇ ನಕ್ಕಿದ್ದು.

ಟಿವಿ ಹಾಕಿ ಐದು ದಿನ ಆಯ್ತು. ಊಟ ಮಾಡುವಾಗ ಮಾತಾಡ್ತಾರೆ. ನಿನ್ನೆ ಎರಡನೇ ಸಲ ಬಡಿಸಿಕೊಂಡರು. ಖುಷಿ ಆಗತ್ತೆ, ಹೊಟ್ಟೇನೂ ಉರಿಯತ್ತೆ. ಯಾಕಂದ್ರೆ ಇಷ್ಟೆಲ್ಲ ಗೆಲುವು ನನ್ನ ಹಿತ್ತಲ ಮೇಲೆ.

ಮಾರ್ಚ್ 21, ಶುಕ್ರವಾರ

ಇವತ್ತು ಕೊನೇ ಡೋಸು ಸುರಿದರು. "ಇನ್ನು ಭಾನುವಾರದ ತನಕ ಯಾರೂ ಮುಟ್ಟಬಾರದು. ಲಾರಿ ಬರೋ ಮುಂಚೆ ಒಂದು ಸಲ ಎಳೆಯೋದು, ಅಷ್ಟೇ." ದೊಡ್ಡ ಡಾಕ್ಟರ್ ಮಾತಾಡಿದ ಹಾಗೆ.

ಮಧ್ಯಾಹ್ನ ಇವರು ಮಲಗಿದ್ರು. ಕಡಲೆಕಾಯಿ ಹಿಡ್ಕೊಂಡು ಗಾಡಿ ಸೀಟಿನ ಮೇಲೆ ಹತ್ತಿ ಕೂತೆ. ಅಲ್ಲಿಂದ ಇಡೀ ಹಿತ್ತಲು ಕಾಣತ್ತೆ. ಇಲ್ಲಿ ಮಣ್ಣಿನ ರಾಶಿ, ಅಲ್ಲಿ ನೆರಳಿನ ಬಲೆ… ಕೈ ಸುಮ್ಮನಿರಬೇಕಲ್ಲ. ಮುಂದೆ ಅಷ್ಟೊಂದು ಲಿವರ್. ಗುಂಡುತಲೆಯ ಗಿಡ್ಡ ಲಿವರ್ ಒಂದನ್ನ ಅಲ್ಲಾಡಿಸ್ತಾ ಕೂತೆ. ಇದ್ದಕ್ಕಿದ್ದ ಹಾಗೆ ಟಕ್ ಅಂತ ಹಿಂದಕ್ಕೆ ಬಂತು! ಮುರಿದೇ ಹೋಯ್ತು ಅಂದ್ಕೊಂಡೆ. ಸಿಪ್ಪೆ ಗುಡಿಸಿ ಬಾಯಿ ಮುಚ್ಕೊಂಡು ಒಳಗೆ ಬಂದೆ.

ಸಂಜೆ ನಾದಿನಿ ಕೇಳಿದ್ಲು, "ಅಣ್ಣ, ಗಾಡಿ ಗೇರಲ್ಲಿ ಇಲ್ಲ ತಾನೇ?"

ಇವರಿಗೆ ಎಲ್ಲಿತ್ತೋ ರೋಷ. "ನಂಗೇ ಹೇಳ್ಕೊಡ್ತೀಯಾ? ಆ ಗುಂಡುತಲೆ ಲಿವರ್ ನೆಟ್ಟಗೆ ನಿಂತಿದ್ರೆ ನ್ಯೂಟ್ರಲ್. ಮೊದಲನೇ ದಿನವೇ ಕೆಳಗೆ ನಿಂತೇ ನೋಡಿದೀನಿ. ಕ್ಲಚ್ ಬೇರೆ ತುಕ್ಕಿಗೆ ಅಂಟಿಕೊಂಡಿದೆ. ಗೇರಲ್ಲಿ ಇದ್ದಿದ್ರೆ, ಎಂಜಿನ್ ತಿರುಗಿಸೋದು ಅಂದ್ರೆ ಚೈನು ಸಮೇತ ಇಡೀ ಗಾಡೀನೇ ತಳ್ಳಿದ ಹಾಗೆ. ಅಷ್ಟು ಗೊತ್ತಿಲ್ವಾ ನಂಗೆ?"

ಗುಂಡುತಲೆ ಲಿವರ್.

ಮಧ್ಯಾಹ್ನ ನಾನು ಎಳೆದದ್ದೂ ಅದನ್ನೇ.

ಮಾರ್ಚ್ 22, ಶನಿವಾರ

ಬೆಳಿಗ್ಗೆ ನೀರು ಹಾಕೋ ನೆಪದಲ್ಲಿ ಹತ್ತಿ ನೋಡಿದೆ. ಆ ಲಿವರ್ ಬುಡದಲ್ಲೇ ಬಗ್ಗಿದೆ. ಯಾವತ್ತೋ ಕೊಂಬೆ ಬಿದ್ದಿರಬೇಕು. ಅದಕ್ಕೇ ಗೇರಲ್ಲಿದ್ದಾಗ ನೆಟ್ಟಗೆ ನಿಂತಿತ್ತು. ಕೆಳಗಿಂದ ನೋಡಿದ್ರೆ ನ್ಯೂಟ್ರಲ್ ಅಂತ ಯಾರಾದರೂ ಹೇಳ್ತಾರೆ, ಮೇಲೆ ಹತ್ತಿ ಕೈ ಹಾಕಿ ನೋಡಬೇಕು ಅಷ್ಟೇ. ಇಷ್ಟು ವರ್ಷ ಸರ್ವಿಸ್ ಆದ ಮೆಕ್ಯಾನಿಕ್ ಯಾಕೆ ಹತ್ತಿ ನೋಡ್ತಾರೆ? ಹೊಸಬ ನೋಡ್ತಿದ್ದ.

ಅಂದ್ರೆ ಎಂಜಿನ್ ಜಾಮೇ ಆಗಿಲ್ವೋ ಏನೋ. ನಾವು ಎರಡು ವಾರದಿಂದ ಇಡೀ ಗಾಡಿಯನ್ನ ಪೈಪಲ್ಲಿ ತಳ್ತಾ ಇದ್ವಿ! ಒಬ್ಬಳೇ ಅಡುಗೆಮನೆಯಲ್ಲಿ ಬಾಯಿಗೆ ಸೆರಗು ತುರುಕಿಕೊಂಡು ನಕ್ಕೆ.

ಆಮೇಲೆ ನಗು ನಿಂತು ಹೋಯ್ತು. ಈಗ ನ್ಯೂಟ್ರಲ್ ಆಗಿದೆ. ನಾಳೆ ತಿರುಗತ್ತೆ. ನನ್ನ ಹಿತ್ತಲು ಹೋಯ್ತು.

ಸಂಜೆ. ಇವರು ಗ್ರೀಸು ಒರೆಸೋ ವೇಸ್ಟ್ ಬಟ್ಟೆ ತರೋಕೆ ಅಂಗಡಿಗೆ ಹೋದ್ರು. ಹೋಗಿ ಲಿವರ್ ಮುಂದಕ್ಕೆ ತಳ್ಳಿಬಿಟ್ಟೆ. ಟಕ್. ಮೊದಲು ಇದ್ದ ಹಾಗೇ ನೆಟ್ಟಗೆ ನಿಂತುಕೊಳ್ತು.

ತಪ್ಪೇನಿದೆ? ಅದು ಹೇಗಿತ್ತೋ ಹಾಗೇ ಇಟ್ಟೆ. ನಾನೇನು ಹೊಸದಾಗಿ ಮಾಡಿದ್ದಲ್ಲ. ಕೊಟ್ಟ ಮಾತಿನ ಪ್ರಕಾರ ಹಿತ್ತಲು ನಂದು. ಇಷ್ಟು ವರ್ಷ ಮೆಟ್ಟಿಲ ಮೇಲೆ ಸಸಿ ಬೆಳೆಸಿದೋಳು ನಾನು.

ಊಟ ಸೇರಲಿಲ್ಲ. ಇವರೂ ಜಾಸ್ತಿ ಮಾತಾಡಲಿಲ್ಲ. ನಾಳೆಯ ಚಿಂತೆ ಇರಬೇಕು.

ಮಾರ್ಚ್ 23, ಭಾನುವಾರ, ಬೆಳಿಗ್ಗೆ

ಎದ್ದಾಗ ಬಾತ್‌ರೂಮಿಂದ ಸಿಳ್ಳೆ. ಇವರು ಸಿಳ್ಳೆ ಹೊಡೀತಾ ಸ್ನಾನ ಮಾಡ್ತಿದ್ರು! ಮದುವೆ ಆದ ಹೊಸದರಲ್ಲಿ ಕೇಳಿದ್ದು, ಆಮೇಲೆ ಯಾವಾಗ ನಿಂತಿತೋ ಗೊತ್ತೇ ಆಗಿರಲಿಲ್ಲ. ಪಾಪ, ಗಾಡಿ ಇವತ್ತು ತಿರುಗತ್ತೆ ಅನ್ನೋ ಆಸೆ. ಥೂ ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ. ನೈಟಿಯಲ್ಲೇ ಓಡಿದೆ, ಚಪ್ಪಲಿ ಇಲ್ಲ. ಹತ್ತಿ ಎಳೆದೆ. ಬರ್ಲಿಲ್ಲ. ಎರಡೂ ಕೈ ಹಾಕಿ ಎಳೆದೆ. ಟಕ್.

ಹೋಗ್ಲಿ ಹಿತ್ತಲು. ಆಸ್ಪತ್ರೆಯವರಿಗೆ ಆಗಲ್ಲ ಅಂತ ಹೇಳ್ತೀನಿ. ಅಳು ಬರ್ತಿದೆ, ನಗೂ ಬರ್ತಿದೆ. ಲಾರಿ ಸದ್ದು.

ಅದೇ ದಿನ, ಸಂಜೆ

ತಿರುಗಿತು!!

ಇವರು, ನಾನು, ನಾದಿನಿ ಮೂರೂ ಜನ ಪೈಪು ಹಿಡಿದು ಜೋರಾಗಿ ಎಳೆದ್ವಿ. ಸ್ವಲ್ಪ ಬಿಗಿ ಇತ್ತು, ಆಮೇಲೆ ಜಾರಿ ಬಂದೇ ಬಂತು. ಒಬ್ಬರ ಮೇಲೊಬ್ಬರು ಬಿದ್ವಿ. ಅಡಿಯಲ್ಲಿ ನಾನು. ಮೇಲಿಂದ ನಾದಿನಿ ಏಳ್ತಾನೇ ಇಲ್ಲ, ನಗು ತಡೆಯಕ್ಕಾಗದೆ. ಗುಜರಿಯವನು ಗ್ಯಾಸ್ ಕಟರ್ ಕೆಳಗಿಟ್ಟು, "ಅಕ್ಕ, ನಾನೂ ಒಂದು ಸಲ ತಿರುಗಿಸ್ಲಾ?" ಅಂದ. ತಿರುಗಿಸಿದ. "ಬೆಣ್ಣೆ ಹಂಗಿದೆ" ಅಂದ. ಕಾಫಿ ಕುಡಿದು ಖಾಲಿ ಲಾರಿ ತಗೊಂಡು ಹೋದ, ಒಂಚೂರೂ ಬೇಜಾರಿಲ್ಲ.

"ಎಲ್ಲಾ ಔಷಧಿ ಮಹಿಮೆ" ಅಂತ ಇವರ ಭಾಷಣ. ನಾನು ಕಾಫಿ ಲೋಟ ಎತ್ತಿಕೊಂಡು ಒಳಗೆ ಹೋದೆ.

ಆಮೇಲೆ ಇವರೇ ಬಂದು ಕೂತ್ರು. "ನಿನ್ನ ಸಸಿ ಏನ್ಮಾಡೋದೇ?" ಅಂತ ಕೇಳಿದ್ರು. ಅವರೇ ಕೇಳಿದ್ರು! ನಾದಿನಿ ಅಂದ್ಲು, ತನ್ನ ಖಾಲಿ ಸೈಟು ಗೋಡೆಯಾಚೆಗೇ ಇದೆ, ಗಾಡಿ ಓಡೋ ಹಾಗಾದ್ರೆ ಅಲ್ಲಿ ನಿಲ್ಲಿಸ್ಕೊಳ್ಳಿ ಅಂತ. ಮೇ ಅರ್ಧದೊಳಗೆ ಅದು ತನ್ನ ಕಾಲ ಮೇಲೆ ನಡೆದು ಹಿತ್ತಲು ಬಿಡಬೇಕು. ಅಲ್ಲೀತನಕ ಸಸಿ ಅದರ ಸುತ್ತಮುತ್ತ. ಆಸ್ಪತ್ರೆಗೆ ಫೋನ್ ಮಾಡಿ ಹೂಂ ಅಂದೆ.

ಏಪ್ರಿಲ್ 16, ಬುಧವಾರ

ಬರೆಯೋಕೆ ಪುರುಸೊತ್ತೇ ಇಲ್ಲ. ಮೊಳಕೆ ಬಂದಿದೆ, ಎಲ್ಲಾ! ಚೈನ್ ಪಟ್ಟಿಗಳ ಮೇಲೆ ಟ್ರೇ, ಬಾನೆಟ್ ಮೇಲೆ ಟ್ರೇ. ಇವರು ಒಂದು ಬೋಲ್ಟ್ ಬಿಚ್ಚಬೇಕಾದ್ರೂ ಮೊದಲು ನನ್ನ ಪರ್ಮಿಷನ್ ಕೇಳಿ ಟ್ರೇ ಸರಿಸಬೇಕು. ಮಣ್ಣು ತುಂಬೋಕೆ ನಂಗೊಂದು ಕೊಳವೆ ಮಾಡ್ಕೊಟ್ಟಿದಾರೆ. ಹಳೇ ಸೈಲೆನ್ಸರ್ ತಗಡಿಂದ. ಎಷ್ಟು ಬೇಗ ತುಂಬತ್ತೆ ಗೊತ್ತಾ!

ಇವತ್ತು ಸ್ಟಾರ್ಟ್ ಆಯ್ತು. ಮೊದಲು ಕೆಮ್ಮಿತು, ಆಮೇಲೆ ಕರೀ ಹೊಗೆ, ಒಣಗಲು ಹಾಕಿದ ಬಟ್ಟೆಯೆಲ್ಲ ಮಸಿ. ಬೈಯೋಕೆ ಹೋದೋಳು ಇವರ ಮುಖ ನೋಡಿ ಸುಮ್ಮನಾದೆ. ಕಣ್ಣಲ್ಲಿ ನೀರು. ಹೊಗೆಗೆ ಅಂದ್ರು. ಆಯ್ತಪ್ಪ, ಹೊಗೆಗೇ.

ಔಷಧಿ ರೆಸಿಪಿ ಕೇಳೋಕೆ ಯಾರ್ಯಾರೋ ಬರ್ತಿದಾರೆ. ದೇವರೇ ಕಾಪಾಡಬೇಕು ಅವರ ಎಂಜಿನ್‌ಗಳನ್ನ.

ಮೇ 11, ಭಾನುವಾರ, ಬೆಳಿಗ್ಗೆ

ಬೇಗ ಬರೀಬೇಕು. ನಾದಿನಿ ಗೋಡೆ ಒಡೆಸಿಟ್ಟಿದಾಳೆ. ಇವತ್ತು ಮನೆ ಅಳಿಯ ಹೊರಡ್ತಾನೆ.

ನಿನ್ನೆ ಮಲಗುವಾಗ ತಡೆಯಲಾಗದೆ ಎಲ್ಲಾ ಹೇಳಿಬಿಟ್ಟೆ. ಲಿವರ್, ಶನಿವಾರ, ಭಾನುವಾರ. ಇವರು ಸೂರು ನೋಡ್ತಾ, "ಗೊತ್ತು" ಅಂದ್ರು.

"ಏನು ಗೊತ್ತು?"

"ಅವತ್ತು ಶನಿವಾರ ಅಂಗಡಿಯಿಂದ ಬರುವಾಗ ಕಾಂಪೌಂಡ್ ಮೇಲಿಂದ ನೋಡ್ದೆ. ನೀನು ತಳ್ಳಿದ್ದು. ಆಗಲೇ ಹೊಳೀತು ನಾನೆಂಥ ಪೆದ್ದ ಅಂತ."

"ಮತ್ತೆ ನೀವೇ ಹೋಗಿ ಎಳೀಬಹುದಿತ್ತಲ್ಲ ರೀ!"

"ನೀನು ಹಾಗೆಲ್ಲ ಮಾಡೋಳಲ್ಲ. ಮಾಡಿದೀಯ ಅಂದ್ರೆ ಆ ಜಾಗ ನಿಂಗೆ ಎಷ್ಟು ಬೇಕಾಗಿರಬೇಕು ಅನ್ನಿಸ್ತು. ಕೊಟ್ಟುಬಿಡೋಣ, ಲಾರಿ ಹತ್ತಲಿ ಅಂತ ತೀರ್ಮಾನ ಮಾಡ್ದೆ. ಮಾಡಿದ ಮೇಲೆ ಮನಸ್ಸು ಹಗುರ ಆಯ್ತು ಕಣೇ. ಬೆಳಿಗ್ಗೆ ಸ್ನಾನ ಮಾಡ್ತಾ ನಿನ್ನ ಮಣ್ಣು ತುಂಬೋ ಕೊಳವೆ ಹೇಗೆ ಮಾಡೋದು ಅಂತ ಯೋಚಿಸ್ತಿದ್ದೆ."

ಅಂದ್ರೆ ಆ ಸಿಳ್ಳೆ! ನಂಗೆ ಹಿತ್ತಲು ಬಿಟ್ಟುಕೊಟ್ಟ ಖುಷಿಗೆ ಇವರು ಸಿಳ್ಳೆ ಹೊಡೆದದ್ದು. ಅದನ್ನ ಕೇಳಿ ನಾನು ನೈಟಿಯಲ್ಲಿ ಓಡಿ ಹಿತ್ತಲು ಬಿಟ್ಟುಕೊಟ್ಟದ್ದು. ಇಬ್ಬರೂ ಮಂಚ ಅಲ್ಲಾಡೋ ಹಾಗೆ ನಕ್ವಿ. ನಕ್ಕು ನಕ್ಕು ನಾನು ಅತ್ತೇಬಿಟ್ಟೆ. ಈ ಮನುಷ್ಯನ ಜೊತೆ ಇಷ್ಟು ವರ್ಷ ಇದೀನಿ, ನಂಗೇನೂ ಗೊತ್ತಿಲ್ಲ. ಎಷ್ಟು ಇಷ್ಟ ಅಂತಾನೂ ಗೊತ್ತಿರಲಿಲ್ಲ.

"ಹಂಗಾದ್ರೆ ಔಷಧಿ?"

"ಎಂಜಿನ್ ತಿರುಗಿದಾಗಲೇ ಗೊತ್ತಾಯ್ತು, ನೀನು ವಾಪಸ್ ಎಳೆದಿದೀಯ, ಔಷಧಿ ಅಲ್ಲ ಅಂತ. ಅದನ್ನ ಮಾತ್ರ ನನ್ನ ತಂಗಿಗೆ ಹೇಳ್ಬೇಡ. ಮರ್ಯಾದೆ ಪ್ರಶ್ನೆ."

ಸ್ಟಾರ್ಟ್ ಮಾಡಿದ್ರು. ಕಿಟಕಿ ಗಾಜೆಲ್ಲ ನಡುಗ್ತಿದೆ. ಇವರು ಇಳಿದು ನಿಂತು ಕೂಗ್ತಿದಾರೆ, "ಬಾರೇ, ನೀನೇ ಓಡಿಸಬೇಕು, ನಾನು ಮುಂದೆ ನಡೀತೀನಿ" ಅಂತ. ನಾನಂತೆ! ಸೈಕಲ್ ಬಿಟ್ಟರೆ ಏನೂ ಓಡಿಸಿದೋಳಲ್ಲ. ಸ್ಟೇರಿಂಗೂ ಇಲ್ಲ ಅದಕ್ಕೆ. ಎಡ ಲಿವರ್ ಎಳೆದ್ರೆ ಎಡಕ್ಕೆ, ಬಲದ್ದು ಎಳೆದ್ರೆ ಬಲಕ್ಕೆ. ಎರಡೂ ಒಟ್ಟಿಗೆ ಎಳೆದ್ರೆ ನಿಲ್ಲತ್ತೆ ಅಂದ್ರು. ಅಥವಾ ಎರಡೂ ಬಿಟ್ಟರೆ ನಿಲ್ಲ… ಬಂದೆ ಕಣ್ರೀ, ಬಂದೆ! ಸಸಿ ಟ್ರೇ ಸರಿಸಿ ಮೊದಲು, ಆ ಕಡೆಯದನ್ನೂ! ಪೆನ್ನು ಇಟ್ಟೆ.