ಚಹಾದಲ್ಲಿ ಅದ್ದದ ಬ್ರೆಡ್

ಆಳಂದ
೧೪ ನವೆಂಬರ್ ೨೦೨೪

ಪ್ರೀತಿಯ ಅಮ್ಮೀ,

ಸೊಸೆ ನಸ್ರೀನಳ ಸಲಾಂ. ಮಂಡಿನೋವು ಹೇಗಿದೆ? ಈ ಚಳಿಗೆ ಎಣ್ಣೆ ಕಾಯಿಸಿ ಹಚ್ಚಿಸಿಕೊಳ್ಳುತ್ತೀರಲ್ಲವೇ? ಜೇವರ್ಗಿಯಲ್ಲಿ ಮುಸ್ತಕೀಮ ಭಾಯಿ, ಮಕ್ಕಳು ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ. ಫೋನ್ ಮಾಡಿದರೆ ನನ್ನ ದನಿ ಕೇಳಿದ ಕೂಡಲೇ ಭಾಯಿಯ ಕೈಗೆ ಕೊಟ್ಟುಬಿಡುತ್ತೀರಿ. ಪತ್ರವನ್ನಾದರೂ ಕೊನೆಯವರೆಗೆ ಓದುತ್ತೀರೆಂಬ ಆಸೆಯಿಂದ ಬರೆಯುತ್ತಿದ್ದೇನೆ.

ಅಮ್ಮೀ, ನನ್ನ ಮೈಗೆ ರಕ್ತ ಕೂಡಿದೆ! ಈ ಬಸಿರಿನಲ್ಲಿ ಎಂಟಕ್ಕಿಳಿದಿದ್ದ ಹಿಮೋಗ್ಲೋಬಿನ್ ನಿನ್ನೆಯ ಪರೀಕ್ಷೆಯಲ್ಲಿ ಹತ್ತು ದಾಟಿದೆ. ನಿಮ್ಮ ಮಗ ಫಯಾಜ ಅದನ್ನು ಕೇಳಿ ದವಾಖಾನೆಯ ಬಾಕಿನ ಮೇಲೆ ಕುಳಿತು ಕಣ್ಣು ಒರೆಸಿಕೊಂಡರು. ಕಲಬುರಗಿಗೆ ಒಯ್ದು ರಕ್ತ ಏರಿಸಬೇಕಾದೀತೆಂಬ ಹೆದರಿಕೆಯಲ್ಲಿ ನಮ್ಮಿಬ್ಬರಿಗೂ ಸರಿಯಾಗಿ ನಿದ್ದೆಯಿರಲಿಲ್ಲ.

ನಮ್ಮ ಬೇಕರಿಯ ಹೊಸ ಬ್ರೆಡ್ಡಿನ ಸಲುವಾಗಿಯೇ ನೀವು ಮುನಿಸಿಕೊಂಡು ಜೇವರ್ಗಿಗೆ, ದೊಡ್ಡ ಮಗನ ಮನೆಗೆ ಹೋದಿರಿ. ನಿಮ್ಮ ಮಾತಿನಲ್ಲೂ ಸುಳ್ಳಿರಲಿಲ್ಲ. ಕಬ್ಬಿಣಾಂಶ, ವಿಟಮಿನ್ ಬೆರೆಸಿದ ತೌಡುಸಹಿತ ಗೋಧಿ ಹಿಟ್ಟಿಗೆ ಇವರು ಜೋಳದ ಹಿಟ್ಟನ್ನೂ ಸೇರಿಸಿ ಬೇಯಿಸಿದ ಮೊದಲ ಬ್ರೆಡ್ ಇಟ್ಟಂಗಿಯಂತಿತ್ತು. ಮಾವನವರ ಕಾಲದಿಂದ ಬರುತ್ತಿದ್ದ ಗಿರಾಕಿಗಳು ಮುಖ ತಿರುಗಿಸಿದರು. "ಏನ್‌ಬೇ, ಇದು ಬೇಕರಿನೋ ದವಾಖಾನೆನೋ?" ಎಂದು ನೀವು ಕೇಳಿದಿರಿ. ರಕ್ತ ಕೂಡಲು ಕೊಟ್ಟ ಗುಳಿಗೆ ನುಂಗಿದರೆ ನನಗೆ ವಾಂತಿಯಾಗುತ್ತಿತ್ತು. ನನಗೋಸ್ಕರ ಇವರು ಹಿಟ್ಟಿನ ಜೊತೆ ಗುದ್ದಾಡುವಾಗ ಬೇಡವೆನ್ನಲು ಬಾಯಿ ಬರಲಿಲ್ಲ.

ನೀವು ಹೋದಮೇಲೆ ಇವರು ನೀರು ಹೆಚ್ಚಿಸಿ, ಹಿಟ್ಟು ಉಬ್ಬಲು ಇನ್ನಷ್ಟು ಹೊತ್ತು ಬಿಟ್ಟು ನೋಡಿದರು. ಬ್ರೆಡ್ ಮೆತ್ತಗಾಯಿತು. ಆದರೂ ಮುಂದಿನ ಪರೀಕ್ಷೆಯಲ್ಲಿ ರಕ್ತ ಕೂಡಿರಲೇ ಇಲ್ಲ. ಡಾಕ್ಟರ್ ಬಸವೇಶ್ವರಿ ಮೇಡಂ ಗುಳಿಗೆ ಬದಲಿಸಿ, "ಬ್ರೆಡ್ ಹ್ಯಾಂಗ ತಿಂತೀಬೇ?" ಎಂದರು.

"ಚಹಾದಾಗ ಅದ್ದಿಕೊಂಡ್ರಿ" ಎಂದೆ.

ಮೇಡಂ ಹಣೆ ಬಡಿದುಕೊಂಡರು. "ಅಲ್ಲೇ ಅದ ನೋಡು ಗಡಬಡ! ಚಹಾ ಆ ಕಬ್ಬಿಣಾಂಶ ಮೈಗೆ ಹತ್ತಗೊಡೂದಿಲ್ಲ. ಚಹಾ ಬ್ಯಾರೆ ಹೊತ್ತಿಗಿ ಕುಡಿ. ನಿಂಬಿಹಣ್ಣು ಹಿಂಡ್ಕೊಂಡು ತಿನ್ನು. ಬರೇ ಬ್ರೆಡ್ ನಂಬಿ ಗುಳಿಗಿ ಮಾತ್ರ ಬಿಡಬ್ಯಾಡ."

ಚಹಾ ಇಲ್ಲದ ಬ್ರೆಡ್! ಮೊದಲು ಗಂಟಲಲ್ಲಿ ಇಳಿಯಲೇ ಇಲ್ಲ. ಈಗ ಮಡಕಿ ಕಾಳಿನ ಉಸಳಿ ಪಲ್ಯಕ್ಕೆ ನಿಂಬೆ ಹಿಂಡಿ, ಅದರೊಂದಿಗೆ ತಿನ್ನುತ್ತೇನೆ. ಹೊಸ ಗುಳಿಗೆಯೂ ಒಗ್ಗಿತು. ಇವರು ಗಿರಾಕಿಗಳಿಗೂ ಇದನ್ನೇ ಹೇಳುತ್ತಾರೆ. ಖಜೂರಿ ಕಡೆ ಹೋಗುವ ಲಾರಿಯವರು ನಗುತ್ತಿದ್ದರು. ಈಗ "ಹೊಟ್ಟ್ಯಾಗ ನಿಲ್ತದ್ರಿ ಫಯಾಜಭಾಯಿ" ಎಂದು ಕಟ್ಟಿಸಿಕೊಂಡು ಹೋಗುತ್ತಾರೆ. ಬಿಳಿ ಪಾವ್ ನಿಲ್ಲಿಸಿಲ್ಲ ಅಮ್ಮೀ. ಮಾವನವರ ಭಟ್ಟಿಯಲ್ಲಿ ಎರಡೂ ಬೇಯುತ್ತವೆ.

ಭಾಯಿ, ಭಾಬಿಗೆ ಸಲಾಂ ತಿಳಿಸಿ, ಮಕ್ಕಳಿಗೆ ನನ್ನ ಮುದ್ದು ಕೊಡಿ. ನಿಮ್ಮ ದುವಾ ನಮ್ಮ ಮೇಲಿರಲಿ.

ನಿಮ್ಮ
ನಸ್ರೀನ

ತಾ.ಕ.: ಬರುವ ತಿಂಗಳೇ ಹೆರಿಗೆ. ಇಲ್ಲಿಯೇ ಆಗಬಹುದೆಂದು ಮೇಡಂ ಹೇಳಿದ್ದಾರೆ. "ನಿನ್ನ ಜೋಡಿ ಯಾರ್ ಇರ್ತಾರ?" ಎಂದು ಕೇಳಿದಾಗ ನಿಮ್ಮ ಒಪ್ಪಿಗೆಯನ್ನೂ ಕೇಳದೆ "ನಮ್ಮ ಅಮ್ಮೀ" ಎಂದುಬಿಟ್ಟೆ. ಹೆತ್ತ ತಾಯಿಯಿಲ್ಲದವಳು ಇನ್ನಾರ ಹೆಸರು ಹೇಳಲಿ? ಮುಂದಿನ ವಾರ ಶುಕ್ರವಾರ ನಮಾಜ್ ಮುಗಿಸಿ ಇವರು ಅಲ್ಲಿಗೆ ಗಾಡಿ ತರುತ್ತಾರೆ. ಸಿಟ್ಟು ಇಳಿಯದಿದ್ದರೂ ಬನ್ನಿ, ಇಲ್ಲಿಗೆ ಬಂದೇ ಬೈಯಿರಿ.