ನೆಲ ಸರಿಯಿಲ್ಲ

ಬೆಲ್ ಕ್ರೀಕ್, ಅಯೋವಾ
ಆಗಸ್ಟ್ ೧೧, ೧೯೯೧, ಭಾನುವಾರ

ನನ್ನ ಮುದ್ದು ವೆಂಡೆಲ್,

ಎಡ ಮಂಡಿ ಹೇಗಿದೆ? ಆಟ ಮುಗಿದ ಮೇಲೆ ಐಸ್ ಇಟ್ಟುಕೊಳ್ಳುತ್ತಿದ್ದೀಯೋ ಇಲ್ಲವೋ? ಫೋನಿನಲ್ಲಿ ಏನು ಕೇಳಿದರೂ ಚೆನ್ನಾಗಿದೆ ಎನ್ನುತ್ತೀಯ, ಅದಕ್ಕೇ ಕಾಗದದಲ್ಲಿ ಕೇಳುತ್ತಿದ್ದೇನೆ. ನಾನು ಗುಂಡುಕಲ್ಲಿನ ಹಾಗಿದ್ದೇನೆ. ಹಿತ್ತಲಲ್ಲಿ ಟೊಮೆಟೊ ಯಾವ ಪರಿ ಬಿಟ್ಟಿದೆಯೆಂದರೆ, ಪಕ್ಕದ ಮನೆಯ ಗೆರಿಟ್ ನನ್ನ ಕೈಯಲ್ಲಿ ಬುಟ್ಟಿ ಕಂಡರೆ ಬಾಗಿಲು ಹಾಕಿಕೊಳ್ಳುತ್ತಾನೆ.

ನಿನ್ನ ಕೋಣೆಯಲ್ಲಿರುವ ಹುಡುಗನ ವಿಷಯ ಬರೆಯಬೇಕು. ಪ್ರತಿ ಬೇಸಿಗೆ ಊರ ಬೇಸ್‌ಬಾಲ್ ತಂಡದ ಒಬ್ಬ ಆಟಗಾರನಿಗೆ ಮನೆಯಲ್ಲಿ ಜಾಗ ಕೊಡುತ್ತೇನಲ್ಲ, ಈ ಸಲ ಬಂದವನು ಅಲಬಾಮಾದ ಲಮಾರ್. ನಿನ್ನ ಹಾಗೆಯೇ ಮೊದಲ ಬೇಸ್ ಕಾದು ಜೊತೆಯವರ ಎಸೆತ ಹಿಡಿಯುವವನು. ನಮ್ಮ ಊರ ತಂಡ ಇರುವುದೇ ನಿಮ್ಮ ದೊಡ್ಡ ತಂಡಕ್ಕೆ ಆಳು ಬೆಳೆಸಿಕೊಡುವುದಕ್ಕೆ. ಹಾಗಿರುವಾಗ ಇವನು ಯಾರ ಜಾಗಕ್ಕೆ ಬೆಳೆಯುತ್ತಿದ್ದಾನೆಂದು ಯಾರೂ ನನಗೆ ಬಿಡಿಸಿ ಹೇಳಬೇಕಾಗಿಲ್ಲ. ಮೊದಲ ವಾರ ಮುಖ ಗಂಟಿಕ್ಕಿಕೊಂಡೇ ಬಡಿಸಿದೆ. ಅವನೋ ಎರಡೆರಡು ಸಲ ಹಾಕಿಸಿಕೊಂಡು ಉಂಡು, ತನ್ನ ತಟ್ಟೆಯ ಜೊತೆ ನನ್ನದನ್ನೂ ತೊಳೆದಿಟ್ಟ. ಅಂಥವನ ಮೇಲೆ ಎಷ್ಟು ದಿನ ಮುನಿಸಿಕೊಂಡಿರಲಿ?

ಆಟದಲ್ಲಿ ಎಲ್ಲರೂ ಅವನ ಬ್ಯಾಟನ್ನೇ ನೋಡುತ್ತಾರೆ. ಗೆರಿಟ್ ನನ್ನ ಪಕ್ಕ ಕೂತು ಕಡಲೆಕಾಯಿ ಸುಲಿಯುತ್ತಾ, "ನಿನ್ ಮಗ ಒಳ್ಳೆಯವನೇ ವರ್ನಾ, ಆದ್ರೆ ಚೆಂಡನ್ನ ಬೇಲಿ ದಾಟಿಸೋನು ಇವನು ನೋಡು" ಎಂದು ಚುಚ್ಚುತ್ತಾನೆ. ಪೇಪರಿನವರೂ ಅವನ ಕಡೆಯೇ; ನಿನ್ನ ಹೆಸರು ಹುಡುಕಲು ನನಗೆ ಭೂತಗನ್ನಡಿ ಬೇಕು. ಅಡ್ಡಾದಿಡ್ಡಿ ಬಂದ ಎಸೆತವನ್ನು ನೆಲದಿಂದ ಬಾಚಿ ಹಿಡಿದು ಎಸೆದವನ ಮಾನ ಉಳಿಸಿದರೆ ಅದನ್ನು ಯಾರು ಬರೆಯುತ್ತಾರೆ? ನಾನು ಮಾತ್ರ ಲಮಾರನ ಕಾಲು ನೋಡಿದೆ. ಹೊಸ ಹುಡುಗರೆಲ್ಲ ಎಸೆತ ಹೊರಡುವ ಮೊದಲೇ ಒಂದು ಕಾಲು ಬೇಸಿನ ಮೇಲಿಟ್ಟು ಇನ್ನೊಂದನ್ನು ಚಾಚಿ ನಿಂತುಬಿಡುತ್ತಾರೆ, ಚೆಂಡು ಬೇರೆ ಕಡೆ ಬಂದರೆ ಪಿಳಿಪಿಳಿ ನೋಡುತ್ತಾರೆ. ಇವನು ಚೆಂಡು ಎಲ್ಲಿಗೆ ಬರುತ್ತದೆಂದು ಕಾಣುವ ತನಕ ಕಾದ, ಆಮೇಲೆ ಚಾಚಿದ. ನಿನ್ನಪ್ಪ ಇದೇ ಹಿತ್ತಲಲ್ಲಿ ನಿನಗೆ ಕಲಿಸಿದ್ದು ಹಾಗೆಯೇ ಅಲ್ಲವೇ? ಅಲಬಾಮಾದ ಹುಡುಗನಿಗೆ ಇದು ಎಲ್ಲಿಂದ ಬಂತೆಂದು ತಲೆಯೊಳಗೆ ಹುಳ ಬಿಟ್ಟ ಹಾಗಾಯಿತು.

ಮೊನ್ನೆ ಅಡುಗೆಮನೆಯಲ್ಲಿ ಅವನ ಕಡೆ ಒಂದು ಟೊಮೆಟೊ ಎಸೆದೆ. ಕೈಜಾರಿ ಅದು ಅವನ ಪಾದದ ಹತ್ತಿರ ಹೋಯಿತು. ನೆಲ ಮುಟ್ಟುವ ಮೊದಲೇ ಬಾಚಿಕೊಂಡು, "ಎಸೆತ ಚೆನ್ನಾಗೇ ಇತ್ತು ಅಮ್ಮಾ, ನೆಲ ಸರಿಯಿಲ್ಲ" ಎಂದ.

ವೆಂಡೆಲ್, ಹೆಚ್ಚುತ್ತಿದ್ದ ಚಾಕು ಕೆಳಗಿಟ್ಟೆ. ಕಾರ್ಖಾನೆಯ ತಂಡದಲ್ಲಿ ಯಾವ ಹುಡುಗ ಕೆಟ್ಟದಾಗಿ ಎಸೆದರೂ ನಿನ್ನಪ್ಪ ತಪ್ಪನ್ನು ನೆಲದ ಮೇಲೆ ಹಾಕಿ, ಅವನ ಬೆನ್ನು ತಟ್ಟಿ ಹೇಳುತ್ತಿದ್ದುದು ಈ ಮಾತನ್ನೇ. ಯಾರಿಂದ ಕಲಿತೆಯೋ ಎಂದು ಕೇಳಿದೆ. ಅವನಿಗೇ ಆಶ್ಚರ್ಯ.

"ನಿಮ್ಮ ಮಗನಿಂದ್ಲೇ. ನಿಮಗೆ ಹೇಳಿಲ್ವಾ?"

ಚಳಿಗಾಲ ಮುಗಿಯುವಾಗ ನಡೆಯುವ ನಿಮ್ಮ ತರಬೇತಿ ಶಿಬಿರದಲ್ಲಿ ದಿನಾ ಬೆಳಗ್ಗೆ ನೀನು ಅವನನ್ನು ಎಲ್ಲರಿಗಿಂತ ಮೊದಲು ಎಬ್ಬಿಸಿ ಕಲಿಸಿದೆಯಂತೆ. ನಿಮ್ಮ ಜಾಗಕ್ಕೇ ಬರೋನಿಗೆ ಯಾಕೆ ಕಲಿಸ್ತೀರಿ ಎಂದು ಅವನೇ ಕೇಳಿದನಂತೆ. "ನೀನು ತಪ್ಪು ಕಲಿತು ಬಂದ್ರೆ ನಮ್ಮ ಹುಡುಗರ ಎಸೆತ ಯಾರು ಹಿಡೀತಾರೆ?" ಎಂದು ಬೈದೆಯಂತೆ. ನಾನು ಒಲೆಯ ಕಡೆ ತಿರುಗಿಕೊಂಡೆ. ನನಗೆ ಹೆಮ್ಮೆಯಾಯಿತು, ನಿನ್ನ ಮೇಲೆ ಸಿಟ್ಟೂ ಬಂತು. ಇಷ್ಟು ಒಳ್ಳೆಯವನಾಗು ಎಂದು ನಿನಗೆ ಯಾರು ಹೇಳಿದ್ದರು?

ಮಂಡಿ ಜೋಪಾನ. ಹೊತ್ತಿಗೆ ಸರಿಯಾಗಿ ಉಣ್ಣು. ದೇವರು ನಿನ್ನ ಕೈ ಕಾಲು ಕಾಯಲಿ. ಗೆರಿಟ್ ನಿನ್ನ ಕ್ಷೇಮ ಕೇಳಿದನೆಂದು ತಿಳಿಸಲು ಹೇಳಿದ್ದಾನೆ.

ನಿನ್ನ ಅಮ್ಮ,
ವರ್ನಾ

ಲಕೋಟೆ ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ಈಗಷ್ಟೇ ಊರ ತಂಡದ ಮ್ಯಾನೇಜರನ ಫೋನ್ ಬಂತು. ಲಮಾರನನ್ನು ನಿಮ್ಮ ತಂಡಕ್ಕೆ ಕರೆದಿದ್ದಾರೆ, ಸಂಜೆಯ ವಿಮಾನಕ್ಕೇ ಹೊರಟಿದ್ದಾನೆ. ನಿನಗೆ ಏನು ಹೇಳುತ್ತಾರೋ, ಆಗಲೇ ಹೇಳಿಯಾಯಿತೋ, ನನಗೆ ಗೊತ್ತಿಲ್ಲ. ಅಂಚೆಗಿಂತ ಬೇಗ ಸಿಗಲೆಂದು ಕಾಗದ ಅವನ ಕೈಯಲ್ಲೇ ಕಳಿಸುತ್ತಿದ್ದೇನೆ. ಬ್ಯಾಗು ಹಿಡಿದು ಅಳುಮುಖ ಮಾಡಿಕೊಂಡು ಬಾಗಿಲಲ್ಲಿ ನಿಂತಿದ್ದಾನೆ, ನಗುನಗುತ್ತಾ ಮಾತಾಡಿಸು. ನಿನ್ನ ಎಸೆತ ಚೆನ್ನಾಗೇ ಇತ್ತು ಮಗನೇ. ನಿನ್ನ ಕೋಣೆಯ ಹಾಸಿಗೆಗೆ ಒಗೆದ ಹೊದಿಕೆ ಹಾಕಿದ್ದೇನೆ, ಬಾ.