ಏಳಕ್ಕೆ ಏಳು

ವೆಸ್ಟ್ರಿಡ್ಜ್, ಅಯೋವಾ
೧೫ ನವೆಂಬರ್ ೧೯೫೩, ಭಾನುವಾರ

ಪ್ರೀತಿಯ ಆರ್ನೆ,

ಕೆಮ್ಮು ಹೇಗಿದೆ? ತೂಕ ಸ್ವಲ್ಪವಾದರೂ ಏರಿತೇ? ಕ್ಷಯದ ಆಸ್ಪತ್ರೆಯಲ್ಲಿ ಕೊಡುವ ಹಾಲನ್ನು ನೀನು ಹೂವಿನ ಕುಂಡಕ್ಕೆ ಸುರಿಯುತ್ತೀಯೆಂದು ದಾದಿ ಬರೆದಿದ್ದಾಳೆ. ತೆಪ್ಪಗೆ ಕುಡಿ. ಕಂಡ ಕಂಡ ಹುಡುಗರನ್ನೆಲ್ಲ ಗದರಿಸಿ ಹಾಲು ಕುಡಿಸಿದವನು ನೀನು. ನಾನು ಚೆನ್ನಾಗಿದ್ದೇನೆ, ನಿನ್ನೆ ಹಿಮದಲ್ಲಿ ಕೂತು ಕಾಲು ಮರಗಟ್ಟಿದೆ ಅಷ್ಟೇ.

ಈ ವರ್ಷ ನಮ್ಮ ಹುಡುಗರು ಏಳು ಫುಟ್‌ಬಾಲ್ ಆಟಗಳಲ್ಲಿ ಒಂದನ್ನು ಗೆದ್ದು ಆರನ್ನು ಸೋತದ್ದನ್ನು ವಾರವಾರವೂ, ಯಾರು ಎತ್ತ ಓಡಿದರೆಂಬ ನಕ್ಷೆ ಸಮೇತ ಬರೆದಿದ್ದೇನೆ. ಬರೆಯದೆ ಬಿಟ್ಟದ್ದೂ ಇದೆ. ಅಕ್ಟೋಬರಿನಲ್ಲಿ ಕಾಲೇಜಿನ ಅಧ್ಯಕ್ಷರು ನಮ್ಮ ಅಡುಗೆಮನೆಯಲ್ಲಿ ಕೂತು, ಎರಡು ಸಲ ಕಾಫಿ ಹಾಕಿಸಿಕೊಂಡು, "ಕೊನೇ ಆಟಾನೂ ಸೋತ್ರೆ ಬೇರೆ ಕೋಚ್‌ನ ನೋಡ್ಲೇಬೇಕಾಗತ್ತೆ ಮಾರ್ಗಿಟ್. ಆರ್ನೆ ಯಾವಾಗ ಎದ್ದು ಬರ್ತಾನೋ ಯಾರಿಗೆ ಗೊತ್ತು" ಎಂದರು. ಈ ಕೆಲಸ ಹೋದರೆ ನೀನು ಆ ಹಾಸಿಗೆಯಿಂದ ಏಳುವುದಿಲ್ಲವೆಂದು ನನಗೆ ಭಯ. ಅದಕ್ಕೇ ಹೇಳಲಿಲ್ಲ. ಬೈಯಬೇಕೆನಿಸಿದರೆ ಬೈದುಕೋ.

ನಿನ್ನೆ ಆ ಕೊನೇ ಆಟ ಅರ್ಧ ಮುಗಿದಾಗ ಅವರದು ಏಳು, ನಮ್ಮದು ಸೊನ್ನೆ. ಮೂರನೆಯ ಕಾಲುಭಾಗ ಶುರುವಾಗುತ್ತಿದ್ದಂತೆ, ಪ್ರತಿ ಸಲ ಯಾವ ವರಸೆ ಆಡಬೇಕೆಂದು ಹೇಳುವ ನಮ್ಮ ಕ್ವಾರ್ಟರ್‌ಬ್ಯಾಕ್ ಕ್ಲಿಫರ್ಡ್‌ನ ಮೂಗಿನಿಂದ ರಕ್ತ ಬಂತು. ನಿನ್ನ ಜಾಗದಲ್ಲಿ ನಿಂತಿರುವ ಹಾಲ್ವರ್ಸನ್ ಮೇಷ್ಟ್ರು ರಸಾಯನಶಾಸ್ತ್ರದವರು, ಇರುವೆ ಕಂಡರೂ ಸುತ್ತಿಕೊಂಡು ಹೋಗುವ ಜನ. ಅವನನ್ನು ಹೊರಗೆ ಕರೆದು, ತಮ್ಮದೇ ಕರವಸ್ತ್ರದಲ್ಲಿ ಮೂಗು ಒರೆಸಿ, "ಹೋಗಪ್ಪಾ, ಇನ್ನು ಆಡ್ಕೋ" ಎಂದು ಬೆನ್ನು ತಟ್ಟಿದರು. ಒಮ್ಮೆ ಹೊರಬಂದವನು ಆ ಕಾಲುಭಾಗ ಮುಗಿಯುವ ತನಕ ಮತ್ತೆ ಒಳಗೆ ಹೋಗುವಂತಿಲ್ಲ ಎಂಬ ಈ ವರ್ಷದ ಹೊಸ ನಿಯಮವನ್ನು ನೀನು ಅವರಿಗೆ ಮೂರು ಸಲ ಬರೆದಿದ್ದೆ. ರೆಫರಿ ಹುಡುಗನನ್ನು ತಡೆದಾಗಲೇ ಮೇಷ್ಟ್ರಿಗೆ ಅದು ನೆನಪಾದದ್ದು. ಬದಲಿಗೆ ಹೋದ ಹುಡುಗನಿಗೆ ಗಾಬರಿಯಲ್ಲಿ ನೀನು ಕಲಿಸಿದ ಒಂದು ವರಸೆಯೂ ನೆನಪಾಗಲಿಲ್ಲ. ಬೆಂಚಿನಿಂದ ಒಂದು ಮಾತು ಕೂಗಿದರೂ ದಂಡ. ನಾನು ಪೆನ್ಸಿಲ್ ಕಚ್ಚಿಕೊಂಡು ಕೂತೆ.

ಆಗ ಬಾಯಿ ತೆರೆದವನು ಎಲ್ಮರ್. ಹಂದಿ ಸಾಕುವವರ ಮನೆಯ ನಮ್ಮ ಎಲ್ಮರ್, ಮೂರು ವರ್ಷದಿಂದ ಬಗ್ಗಿ ಚೆಂಡನ್ನು ಹಿಂದಕ್ಕೆ ಕೊಟ್ಟದ್ದು ಬಿಟ್ಟರೆ ತುಟಿ ಬಿಚ್ಚದವನು. "ನಾನು ತಳ್ಕೊಂಡು ಹೋಗ್ತೀನಿ, ಎಲ್ಲಾ ನನ್ನ ಬೆನ್ನ ಹಿಂದೇನೇ ಬರ್ರೋ. ಬೇರೆ ಏನೂ ಬೇಡ" ಅಂದನಂತೆ. ಆ ಒಂದೇ ವರಸೆಯನ್ನು ಹದಿನಾರು ಸಲ ಆಡಿದರು. ನಕ್ಷೆ ನೋಡು, ಬರೀ ಒಂದೇ ಗೀಟು. ಎದುರಿನವರು "ಏ ಹಂದಿ, ಬೇರೆ ದಾರಿ ಗೊತ್ತಿಲ್ವೇನೋ" ಎಂದು ಅಣಕಿಸಿದ್ದಕ್ಕೆ "ಈ ದಾರೀನೇ ಮುಚ್ಚೋಕಾಗ್ಲಿಲ್ವಲ್ರೋ ನಿಮ್ಗೆ" ಅಂದನಂತೆ. ನಾಲ್ಕನೆಯ ಕಾಲುಭಾಗದಲ್ಲಿ ಒಳಗೆ ಬಂದ ಕ್ಲಿಫರ್ಡ್ ಕೂಡ ಜಾಣತನ ತೋರಿಸದೆ ಎಲ್ಮರನ ಹಿಂದೆಯೇ ನುಗ್ಗಿ ಗೆರೆ ದಾಟಿದ, ಆರು ಅಂಕ. ಆಮೇಲಿನ ಒದೆತವೂ ಸರಿಯಾಗಿ ಬಿತ್ತು, ಇನ್ನೊಂದು. ಏಳಕ್ಕೆ ಏಳು. ಹಾಗೆಯೇ ಮುಗಿಯಿತು. ನಾನು ಜನರ ನಡುವೆ ನಾಚಿಕೆಯಿಲ್ಲದೆ ಅತ್ತೆ.

ಬೆಳಿಗ್ಗೆ ಚರ್ಚಿನ ಮೆಟ್ಟಿಲ ಮೇಲೆ ಅಧ್ಯಕ್ಷರು "ಗೆಲ್ಲಲಿಲ್ವಲ್ಲಮ್ಮಾ" ಎಂದರು. "ಸೋಲಲೂ ಇಲ್ವಲ್ಲ. ಸೋತ್ರೆ ಅಂತ ತಾನೇ ನೀವು ಹೇಳಿದ್ದು" ಎಂದೆ, ಪಾದ್ರಿಗಳಿಗೂ ಕೇಳುವಂತೆ. ಟೋಪಿ ಸರಿಮಾಡಿಕೊಂಡು, ಹಾಗಿದ್ದರೆ ಆರ್ನೆ ಬರುವ ತನಕ ನೋಡೋಣ ಎಂದು ಹೋದರು.

ಹಾಲ್ವರ್ಸನ್ ಮೇಷ್ಟ್ರಿಗೆ ನಿನಗೆ ಮುಖ ತೋರಿಸಲು ಸಂಕೋಚ. ಅವರಿಗೆ ಎರಡು ಒಳ್ಳೆಯ ಮಾತು ಬರೆ. ದೇವರು ನಿನ್ನ ಎದೆಗೆ ಬಲ ಕೊಡಲಿ.

ನಿನ್ನ
ಮಾರ್ಗಿಟ್

ತಾ.ಕ.: ಜೊತೆಗಿರುವ ದಪ್ಪ ಹಾಳೆ ನಿನ್ನ ರಾಜೀನಾಮೆ. ನಿನ್ನ ಸಹಿ ತರಿಸಿಕೊಡೆಂದು ಅಧ್ಯಕ್ಷರು ಅಡುಗೆಮನೆಗೆ ಬಂದ ದಿನವೇ ಟೈಪು ಮಾಡಿಸಿ ತಂದು ಕೊಟ್ಟಿದ್ದರು. ಇಷ್ಟು ದಿನ ಹಿಟ್ಟಿನ ಡಬ್ಬಿಯಲ್ಲಿತ್ತು. ಸಹಿ ಹಾಕಬೇಡ. ಹಿಂಬದಿ ಖಾಲಿ ಇದೆ. ವಸಂತದ ಅಭ್ಯಾಸಕ್ಕೆ ಎಲ್ಮರನಿಗೆ ಎರಡನೆಯ ವರಸೆಯೊಂದು ಬೇಕು, ಅಲ್ಲೇ ಬರೆದು ಕಳಿಸು.